ಬಳ್ಳಾರಿಯಲ್ಲಿ ಮೂರು ಲಕ್ಷದೊಳಗೆ ಮಗಳಿಗೆ ಮೊದಲ ಕಾರು: ಯಾವುದನ್ನು ನೋಡಬೇಕು?

ಮೊದಲು ವಯಸ್ಸು. ಮಗಳಿಗೆ 18 ತುಂಬಿ ಚಾಲನಾ ಪರವಾನಗಿ ಕೈಗೆ ಬರುವವರೆಗೆ ಕೀಲಿ ಕೊಡಬೇಡಿ. ಅಪ್ರಾಪ್ತರು ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಎಂದು ಕಾನೂನೇ ಹೇಳುತ್ತದೆ.

ಈ ಹಣಕ್ಕೆ ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಹಳೆಯ ದೊಡ್ಡ ಕಾರಿಗಿಂತ ಆಲ್ಟೊ, ವ್ಯಾಗನ್‌ಆರ್‌ನಂಥ ಸಣ್ಣ ಪೆಟ್ರೋಲ್ ಕಾರೇ ಮೇಲು; ಬಿಡಿಭಾಗ ಎಲ್ಲೆಡೆ ಸಿಗುತ್ತದೆ, ಯಾವ ಮೆಕ್ಯಾನಿಕ್ ಆದರೂ ರಿಪೇರಿ ಮಾಡುತ್ತಾನೆ. ಸಾಧ್ಯವಾದರೆ 2019ರ ಜುಲೈ ನಂತರ ತಯಾರಾದದ್ದನ್ನೇ ಹುಡುಕಿ. ಆ ಹೊತ್ತಿಗೆ ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಮತ್ತು ಚಾಲಕರ ಏರ್‌ಬ್ಯಾಗ್ ಎರಡೂ ಕಡ್ಡಾಯವಾಗಿದ್ದವು. ಹೊಸದಾಗಿ ಕಲಿತವರಿಗೆ ಇವು ಬೇಕೇ ಬೇಕು. ಮ್ಯೂಸಿಕ್ ಸಿಸ್ಟಮ್, ಅಲಾಯ್ ಚಕ್ರಗಳಿಗೆ ಮರುಳಾಗಬೇಡಿ.

ನಮ್ಮ ಕಡೆಯ ದೊಡ್ಡ ಶತ್ರು ಗಣಿ ಧೂಳು. ಸಂಡೂರು, ತೋರಣಗಲ್ಲು ದಾರಿಯಲ್ಲಿ ಓಡಿದ ಕಾರಾದರೆ ನೆಲಹಾಸು ಎತ್ತಿ, ಏರ್ ಫಿಲ್ಟರ್ ಬಿಚ್ಚಿ ನೋಡಿ. ಸಸ್ಪೆನ್ಷನ್ ಪರೀಕ್ಷಿಸಲು ನಿಮ್ಮದೇ ಮೆಕ್ಯಾನಿಕ್‌ನನ್ನು ಕರೆದೊಯ್ಯಿರಿ. ಮಧ್ಯಾಹ್ನದ ಬಿಸಿಲಿನಲ್ಲಿ ಎಸಿ ಹಾಕಿಯೇ ಓಡಿಸಿ ನೋಡಿ, ಎಂಜಿನ್ ಬಿಸಿಯೇರುವುದು ಆಗಲೇ ತಿಳಿಯುತ್ತದೆ.

ಗಡಿಯಾಚೆಯ ಆಂಧ್ರ ನೋಂದಣಿಯ ಕಾರು ಅಗ್ಗವೆನಿಸಬಹುದು. ಆದರೆ ಅಲ್ಲಿನ ನಿರಾಕ್ಷೇಪಣಾ ಪತ್ರ ಬೇಕು, ಕರ್ನಾಟಕದ ತೆರಿಗೆಯನ್ನೂ ಕಟ್ಟಬೇಕು. ಅದನ್ನು ಸೇರಿಸಿಯೇ ಬೆಲೆ ಮಾತಾಡಿ. ಬ್ಯಾಂಕ್ ಸಾಲ ತೀರಿದೆಯೇ ಎಂದು ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ನೋಡಿ. ಕೊಂಡ 14 ದಿನದೊಳಗೆ ವಿಮೆಯನ್ನು ನಿಮ್ಮ ಹೆಸರಿಗೆ ವರ್ಗಾಯಿಸಲು ಅರ್ಜಿ ಕೊಡಿ.