ಲಿನಕ್ಸಲ್ಲಿ ಬ್ಲಾಕ್ ಅಂಡ್ ವೈಟ್ ಸ್ಕ್ಯಾನ್ ಮಾಡಿದ್ರೆ ಪುಟವೆಲ್ಲ ಕಪ್ಪು, ಯಾಕೆ?

ಪ್ರಶ್ನೆ: ಸರ್, ತಾತನ ಕಾಲದ ಕ್ರಯಪತ್ರ, ಟೈಪ್ ಮಾಡಿರೋ ಹಳೇ ಕಾಗದ ಎಲ್ಲ ಸ್ಕ್ಯಾನ್ ಮಾಡ್ತಿದೀನಿ. ಉಬುಂಟು, ಹಳೇ ಫ್ಲಾಟ್‌ಬೆಡ್ ಸ್ಕ್ಯಾನರು, ಎಕ್ಸ್‌ಸೇನ್ ಅನ್ನೋ ಸ್ಕ್ಯಾನಿಂಗ್ ಪ್ರೋಗ್ರಾಂ. ಕಲರಲ್ಲಿ ಚೆನ್ನಾಗೇ ಬರತ್ತೆ, ಲೈನ್‌ಆರ್ಟ್ (ಬರೀ ಕಪ್ಪುಬಿಳುಪು ಮೋಡ್) ಇಟ್ರೆ ಅರ್ಧ ಪುಟ ಮಸಿ ಬಳಿದಂಗಿರತ್ತೆ. ಬ್ರೈಟ್‌ನೆಸ್ ಎಷ್ಟು ಎಳೆದ್ರೂ ಬದಲಾಗಲ್ಲ. ಡ್ರೈವರ್ ಹಾಳಾಗಿದ್ಯಾ?
– ಒಬ್ಬ ಓದುಗರು, ತುಮಕೂರು

ಉತ್ತರ: ಕಲರ್ ಸರಿಯಾಗಿ ಬರ್ತಿದೆ ಅಂದ್ಮೇಲೆ ಕೇಬಲ್, ಲ್ಯಾಂಪ್, ಪರ್ಮಿಷನ್ ಯಾವುದರ ತಂಟೆಗೂ ಹೋಗ್ಬೇಡಿ, ಡ್ರೈವರ್ ತೆಗೆದು ಮತ್ತೆ ಹಾಕೋದೂ ಬೇಡ. ಲೈನ್‌ಆರ್ಟಲ್ಲಿ ಒಂದು ಪಿಕ್ಸೆಲ್‌ಗೆ ಒಂದೇ ಬಿಟ್ (0 ಇಲ್ಲಾ 1), ಅಂದ್ರೆ ಕಪ್ಪು ಇಲ್ಲಾ ಬಿಳಿ, ಮಧ್ಯ ಬೂದು ಅನ್ನೋದೇ ಇಲ್ಲ. ಎಷ್ಟು ಬೆಳಕಿದ್ರೆ ಬಿಳಿ ಅಂತ ತೀರ್ಮಾನ ಮಾಡೋದು ಥ್ರೆಶೋಲ್ಡ್, ಅದು ಸಾಮಾನ್ಯವಾಗಿ ನಡುಮಧ್ಯ ಇರತ್ತೆ, ನಿಮ್ಮ ಕಾಗದ ಕಂದು ಬಣ್ಣಕ್ಕೆ ತಿರುಗಿರೋದ್ರಿಂದ ಹಾಳೆಯೇ ಆ ಗೆರೆಗಿಂತ ಕೆಳಗೆ ಬಿದ್ದು ಕಪ್ಪಾಗ್ತಿದೆ, ಅಷ್ಟೇ. ಬ್ರೈಟ್‌ನೆಸ್ ಸ್ಲೈಡರ್‌ಗೆ ಎಷ್ಟೋ ಡ್ರೈವರ್‌ಗಳು ಈ ಮೋಡಲ್ಲಿ ಕಿವಿನೇ ಕೊಡಲ್ಲ.

ಟರ್ಮಿನಲಲ್ಲಿ ಸ್ಕ್ಯಾನ್‌ಇಮೇಜ್ ಕಮಾಂಡಿಗೆ ಮೊದಲು ಎರಡು ಡ್ಯಾಶ್ ಹಾಕಿ ಮೋಡ್ ಲೈನ್‌ಆರ್ಟ್ ಅಂತ ಕೊಟ್ಟು, ಆಮೇಲೆ ಡ್ಯಾಶ್ ಕ್ಯಾಪಿಟಲ್ ಎ ಹಾಕಿ (scanimage --mode Lineart -A), ನಿಮ್ಮ ಸ್ಕ್ಯಾನರಿನ ಆಪ್ಷನ್ ಎಲ್ಲ ಬರತ್ತೆ. ಮೋಡ್ ಕೊಡದೇ ಹೋದ್ರೆ ಥ್ರೆಶೋಲ್ಡ್ ಪಕ್ಕ ಇನ್‌ಆ್ಯಕ್ಟಿವ್ ಅಂತ ತೋರಿಸಬಹುದು, ಬಹಳ ಜನ ಅಲ್ಲೇ ‘ನಂದ್ರಲ್ಲಿ ಇಲ್ಲ’ ಅಂತ ಕೈಬಿಡ್ತಾರೆ. ಥ್ರೆಶೋಲ್ಡ್ ಕೆಲವು ಬ್ಯಾಕೆಂಡಲ್ಲಿ (ಅಂದ್ರೆ ಸ್ಕ್ಯಾನರ್ ಡ್ರೈವರಲ್ಲಿ) 0ಯಿಂದ 100, ಕೆಲವದರಲ್ಲಿ 0ಯಿಂದ 255 ಇರತ್ತೆ. ಇಳಿಸ್ತಾ ಬನ್ನಿ, ಹಾಳೆ ಬೆಳ್ಳಗಾಗತ್ತೆ, ಜಾಸ್ತಿ ಇಳಿಸಿದ್ರೆ ಅಕ್ಷರ ಹರಿದುಹೋಗತ್ತೆ.

ನನ್ನ ಕೇಳಿದ್ರೆ ಈ ಥರ ಕಾಗದಕ್ಕೆ ಡ್ರೈವರಿನ ಲೈನ್‌ಆರ್ಟೇ ಬೇಡ. ಗ್ರೇನಲ್ಲಿ ಸ್ಕ್ಯಾನ್ ಮಾಡಿ ಇಟ್ಕೊಳಿ, ಆಮೇಲೆ ಚಿತ್ರ ತಿದ್ದೋ ಪ್ರೋಗ್ರಾಂ ಜಿಂಪಿನ ಕಲರ್ಸ್ ಮೆನುವಲ್ಲಿರೋ ಥ್ರೆಶೋಲ್ಡಿಂದ ಕಣ್ಣಲ್ಲಿ ನೋಡ್ತಾ ಕಪ್ಪುಬಿಳುಪು ಮಾಡಿ, ಪುಟ ಜಾಸ್ತಿ ಇದ್ರೆ ಸ್ಕ್ಯಾನ್ ಮಾಡಿ ಪಿಡಿಎಫ್ ಮಾಡೋ ಜಿಸ್ಕ್ಯಾನ್‌ಟುಪಿಡಿಎಫ್ (gscan2pdf) ಇದೆ. ಎ4 ಪುಟ 300 ಡಿಪಿಐನಲ್ಲಿ ಗ್ರೇ ಆದ್ರೆ ಕಂಪ್ರೆಸ್ ಮಾಡೋ ಮುಂಚೆ ಸುಮಾರು 8.7 ಎಂಬಿ, 1 ಬಿಟ್ಟಿಗಿಳಿಸಿದ್ರೆ 1.1. ಆದ್ರೆ ಕನ್ನಡ ಅಕ್ಷರಕ್ಕೆ 1 ಬಿಟ್ಟಲ್ಲಿ 300 ಸಾಲಲ್ಲ, ಒತ್ತಕ್ಷರ ಮುಚ್ಕೊಳತ್ತೆ, ಪ ಯಾವುದು ಷ ಯಾವುದು ಗೊತ್ತಾಗಲ್ಲ. 600 ಇಡಿ. ಕ್ರಯಪತ್ರದ ಗ್ರೇ ಫೈಲ್ ಮಾತ್ರ ಅಳಿಸಬೇಡಿ, ಮಾಸಿದ ಸೀಲು ಸಹಿ ಅದರಲ್ಲೇ ಉಳಿಯೋದು.

ಲೈನ್‌ಆರ್ಟಲ್ಲಿ ಇನ್ನೆರಡು ಥರದ ತೊಂದರೆ ಇದೆ, ಅವು ಡ್ರೈವರಿಂದೇ ಇರಬಹುದು. ಹಾಳೆ ಕಪ್ಪು ಅಕ್ಷರ ಬಿಳಿ, ನೆಗೆಟಿವ್ ಥರ ಬಂದ್ರೆ ಬಿಟ್ ಉಲ್ಟಾ ಆಗಿದೆ, ಯಾಕಂದ್ರೆ ಸೇನ್‌ನಲ್ಲಿ (ಲಿನಕ್ಸಿನ ಸ್ಕ್ಯಾನರ್ ಡ್ರೈವರ್‌ಗಳ ವ್ಯವಸ್ಥೆ) 8 ಬಿಟ್ ಗ್ರೇಗೆ 0 ಅಂದ್ರೆ ಕಪ್ಪು, 1 ಬಿಟ್ಟಿಗೆ 1 ಅಂದ್ರೆ ಕಪ್ಪು. ಜಿಂಪಲ್ಲಿ ಇನ್ವರ್ಟ್ ಮಾಡಿದ್ರೆ ಸದ್ಯಕ್ಕೆ ಆಯ್ತು. ಸಾಲು ಓರೆಯಾಗಿ ಜಾರ್ತಾ ಹೋದ್ರೆ ಅಗಲದ ಲೆಕ್ಕ ತಪ್ಪಿರೋ ಸಾಧ್ಯತೆ ಜಾಸ್ತಿ, 8 ಪಿಕ್ಸೆಲ್ ಸೇರಿ ಒಂದು ಬೈಟ್ ಆಗೋದ್ರಿಂದ, ಅಗಲ 8ರಿಂದ ಸರಿಯಾಗಿ ಭಾಗ ಆಗದಿದ್ರೆ ಮಿಕ್ಕ ಬಿಟ್‌ಗಳನ್ನ ಡ್ರೈವರ್ ಎಡವಟ್ಟು ಮಾಡತ್ತೆ, ಸ್ಕ್ಯಾನ್ ಅಗಲ ಒಂದೆರಡು ಮಿಲಿಮೀಟರ್ ಬದಲಾಯಿಸಿ ನೋಡಿ. ಸರಿಹೋದ್ರೆ ಆ ಎರಡೂ ಅಗಲದ ಸ್ಕ್ಯಾನು, ಸ್ಕ್ಯಾನರಿನ ಮಾಡೆಲ್ ಹೆಸರು ಸೇರಿಸಿ ಗಿಟ್‌ಲ್ಯಾಬಲ್ಲಿರೋ ಸೇನ್ ಪ್ರಾಜೆಕ್ಟಿಗೆ ಬಗ್ ಹಾಕಿ, ಕ್ರಯಪತ್ರದ ಬದಲು ಯಾವುದಾದ್ರೂ ನ್ಯೂಸ್‌ಪೇಪರ್ ಇಟ್ಟು ತೆಗೆದಿದ್ದು ಕಳಿಸಿ.