ಸಮುದ್ರ ಮನೆ ಬಾಗಿಲಿಗೆ ಬಂದರೂ ಜನ ಯಾಕೆ ಊರು ಬಿಡುವುದಿಲ್ಲ?

ಕೋಲಾರದವರಿಗೆ ಇದು ಅರ್ಥವಾಗದ ವಿಷಯವಲ್ಲ. ಮುಳಬಾಗಿಲು, ಶ್ರೀನಿವಾಸಪುರದ ಕಡೆ 1,200 ಅಡಿ ಕೊರೆಸಿ ಬರೀ ಧೂಳು ಕಂಡ ರೈತ ಮತ್ತೊಂದು ಬೋರ್‌ವೆಲ್‌ಗೆ ಸಾಲ ಮಾಡುತ್ತಾನೆಯೇ ಹೊರತು ಜಮೀನು ಬಿಡುವುದಿಲ್ಲ. ಮಂಗಳೂರು ಬಳಿಯ ಕಡಲತೀರದ ಉಳ್ಳಾಲ, ಸೋಮೇಶ್ವರದ ಮೀನುಗಾರರ ಲೆಕ್ಕವೂ ಅದೇ.

ಎಲ್ಲಕ್ಕಿಂತ ದೊಡ್ಡ ಕಾರಣ ಕಸುಬು. ನಾಡದೋಣಿಯವರು ಗಾಳಿ, ಅಲೆ ನೋಡಿಕೊಂಡು ನೀರಿಗಿಳಿಯುವವರು. ದೋಣಿ, ಎಂಜಿನ್, ಬಲೆ ಕಣ್ಣಳತೆಯಲ್ಲೇ ಇರಬೇಕು. ಬಲೆ ಹರಿದರೆ ಮನೆಯಂಗಳದಲ್ಲೇ ಹರಡಿ ಹೆಣೆಯಬೇಕು. ಹೆಂಗಸರು ಮೀನು ಒಣಗಿಸುವುದೂ ಅಲ್ಲೇ. ಐದಾರು ಕಿಲೋಮೀಟರ್ ಒಳಗೆ ಮನೆ ಕೊಟ್ಟರೆ ಬೆಳಗಿನ ಜಾವ ಮೂರಕ್ಕೆ ದಡ ಸೇರಲು ಬಸ್ಸೆಲ್ಲಿದೆ?

ಇನ್ನು ಹಣದ ಮಾತು. ಕಡಲ್ಕೊರೆತದ ಅಂಚಿನ ಮನೆಯನ್ನು ಯಾರೂ ಕೊಳ್ಳುವುದಿಲ್ಲ. ಮನೆ ಬಿದ್ದರೆ ಪರಿಹಾರ ಕೇಳಬಹುದು. ಬೀಳುವ ಮೊದಲೇ ಖಾಲಿ ಮಾಡಿದವರಿಗೆ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ಈ ನಿಯಮವೇ ಜನರನ್ನು ಕೊನೆಯ ಗಳಿಗೆವರೆಗೆ ಕೂರಿಸುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಸಮುದ್ರ ಮಟ್ಟ ಜಾಗತಿಕವಾಗಿ ವರ್ಷಕ್ಕೆ ಏರುತ್ತಿರುವುದು ಈಗ ಸುಮಾರು 4ರಿಂದ 5 ಮಿಲಿಮೀಟರ್. ಅದು ಕಣ್ಣಿಗೆ ಕಾಣದು, ಜೂನ್-ಜುಲೈನ ಕೊರೆತ ಮಾತ್ರ ಕಾಣುತ್ತದೆ. ಬಂಡೆಗಲ್ಲಿನ ತಡೆಗೋಡೆ ಹಾಕಿದರೆ ಧೈರ್ಯ ಬರುತ್ತದೆ. ಆದರೆ ಗೋಡೆ ಮುಗಿಯುವ ತುದಿಯಲ್ಲಿ ಅಲೆ ಮರಳನ್ನು ಇನ್ನೂ ಜೋರಾಗಿ ಎಳೆಯುತ್ತದೆ, ಪಕ್ಕದ ಮನೆಗಳಿಗೆ ಕುತ್ತು.

ಸ್ಥಳಾಂತರ ಆಗಿಯೇ ಇಲ್ಲವೆಂದಲ್ಲ. ಸಮುದ್ರ ನುಂಗುತ್ತಾ ಬಂದ ಒಡಿಶಾದ ಸಾತಭಾಯಾ ಊರಿನವರಿಗೆ ಬಾಗಪಾಟಿಯಾ ಎಂಬ ಪುನರ್ವಸತಿ ಜಾಗದಲ್ಲಿ ಕುಟುಂಬಕ್ಕೆ 10 ಡೆಸಿಮಲ್, ಅಂದರೆ ನಮ್ಮ 4 ಗುಂಟೆ ಜಾಗ ಸಿಕ್ಕಿತು. ಮನೆಗೆ ಸಾಕು, ಬೇಸಾಯಕ್ಕೆ ಸಾಲದು. ಹಾಗಾಗಿ ಅಲ್ಲಿನ ಅನೇಕ ಗಂಡಸರು ಕೂಲಿಗೆ ಬೇರೆ ರಾಜ್ಯಗಳಿಗೆ ಹೋಗುತ್ತಾರೆ.