ಸಂಪಾದಕರ ಉತ್ತರ: ಕಾಲುಸಂಕದ ಆಚೆಯವರು

ಮಾನ್ಯರೇ,

ನಿಮ್ಮ ಪತ್ರ ತಲುಪಿತು. ಮೂರು ಹಾಳೆ. ಎರಡನೆಯ ಹಾಳೆಯ ಅಂಚಿನಲ್ಲಿ ಹೆಬ್ಬೆರಳಿನಗಲದ ಅಡಿಕೆ ಚೊಗರಿನ ಕಲೆ. ಕೊಯ್ಲಿನ ಗಡಿಬಿಡಿಯಲ್ಲಿ, ಅಡಿಕೆ ಬೇಯುವ ಹಂಡೆಯ ಪಕ್ಕದಲ್ಲೇ ಕುಳಿತು ಬರೆದಿರಬೇಕು. ಅಂಥ ಪತ್ರಕ್ಕೆ ನಾಲ್ಕು ಸಾಲಿನಲ್ಲಿ ಉತ್ತರಿಸಿ ಕೈತೊಳೆದುಕೊಳ್ಳಲಾರೆ.

ಉಳಿದ ಓದುಗರಿಗೆ ಸಂಗತಿ ತಿಳಿಯಲಿ. ಬೇಡ್ತಿ ಹೊಳೆಯ ನೀರನ್ನು ವರದಾ ನದಿಗೆ ಹರಿಸುವ ಬೇಡ್ತಿ–ವರದಾ ನದಿ ಜೋಡಣೆ ಯೋಜನೆಯ ಕುರಿತು ಕಳೆದ ಸಂಚಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದ್ದೆವು. ಬರೆದವರು ಶಿರಸಿ ತಾಲ್ಲೂಕಿನಲ್ಲಿ ಹುಟ್ಟಿ ಬೆಳೆದವರು, ಜಲವಿಜ್ಞಾನ ಓದಿದವರು, ಈಗ ಅಮೆರಿಕದ ಪ್ರಜೆ. ಯಲ್ಲಾಪುರ ತಾಲ್ಲೂಕಿನ ಈ ಹಿರಿಯ ಓದುಗರೂ ಯೋಜನೆಯ ವಿರೋಧಿಗಳೇ. ಆದರೂ ಕೇಳುತ್ತಾರೆ: “ದೇಶ ಬಿಟ್ಟು, ಪೌರತ್ವವನ್ನೂ ಬಿಟ್ಟವರು ನಮ್ಮ ಹೊಳೆಯ ಬಗ್ಗೆ ಮಾತನಾಡಲು ಯಾರು? ಕೊಳೆರೋಗ, ಮಂಗ, ಹಂದಿಗಳೊಡನೆ ಏಗುವವರು ನಾವು.”

ಕಾನೂನಿನ ಮಟ್ಟಿಗೆ ನಿಮ್ಮ ಮಾತು ಬಹುಪಾಲು ಸರಿ. ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದವರು 1955ರ ಪೌರತ್ವ ಕಾಯ್ದೆಯ 9ನೇ ಕಲಮಿನಂತೆ ಭಾರತದ ಪ್ರಜೆಗಳಾಗಿ ಉಳಿಯುವುದಿಲ್ಲ. ಒಸಿಐ ಕಾರ್ಡ್ (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಸಿಗುವ ಗುರುತು) ಇದ್ದರೆ ವೀಸಾ ಇಲ್ಲದೆ ಬಂದು ಹೋಗಬಹುದು, ಅಪ್ಪನ ತೋಟ ಪಿತ್ರಾರ್ಜಿತವಾಗಿ ಬರಬಹುದು. ಆದರೆ ಒಂದು ಗುಂಟೆ ಕೃಷಿ ಭೂಮಿಯನ್ನೂ ಕೊಳ್ಳುವಂತಿಲ್ಲ, ಮತ ಹಾಕುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ. ಚುನಾವಣೆಗೆ ಅವರ ಹಣ ಬರುವಂತಿಲ್ಲ; 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ಪತ್ರಿಕೆ ನಡೆಸುವ ನಾನೂ ಅವರಿಂದ ದೇಣಿಗೆ ಪಡೆಯುವಂತಿಲ್ಲ. ಸಂವಿಧಾನದ 19ನೇ ವಿಧಿ ಕೊಡುವ ವಾಕ್ ಸ್ವಾತಂತ್ರ್ಯವೂ ನಾಗರಿಕರಿಗೆ ಮಾತ್ರ. ಹಾಗಾಗಿ “ನಮ್ಮ ಪತ್ರಿಕೆಯಲ್ಲಿ ಬರೆಯುವ ಹಕ್ಕು ಅವರಿಗೆಲ್ಲಿದೆ” ಎಂದು ನೀವು ಕೇಳಿದರೆ, ಇಲ್ಲ ಎಂದೇ ಹೇಳುತ್ತೇನೆ.

ಆದರೆ ಓದುವ ಹಕ್ಕು ನಿಮಗಿದೆ. ನಿಮ್ಮ ಹೊಳೆಯ ಬಗ್ಗೆ ತಿಳಿದವರು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಅವರ ಮಾತು ನಿಮ್ಮ ಕಿವಿಗೆ ಬೀಳಬೇಕು. ಆ ಲೇಖನವನ್ನು ಪ್ರಕಟಿಸಿದ್ದು ನಿಮಗಾಗಿ. ಬರೆದವರ ಊರಿನ ಹಂಬಲ ತೀರಿಸಲೆಂದಲ್ಲ. ಬೇಡ್ತಿಯಲ್ಲಿ ‘ಹೆಚ್ಚುವರಿ’ ನೀರಿದೆ ಎಂಬ ಲೆಕ್ಕ ಇಡೀ ವರ್ಷದ ಹರಿವಿನ ಮೇಲೆ ನಿಂತಿದೆ. ಏಪ್ರಿಲ್, ಮೇ ತಿಂಗಳ ಹರಿವನ್ನು ಬೇರೆಯಾಗಿ ತೋರಿಸಿ ಎಂದು ಕೇಳಿ ಎಂದರು ಅವರು. ಬೇಸಿಗೆಯಲ್ಲಿ ಬಂಡೆಯಿಂದ ಬಂಡೆಗೆ ಕಾಲಿಟ್ಟು ಹೊಳೆ ದಾಟುವ ನಮಗೆ ಅದು ಗೊತ್ತು. ಅದನ್ನು ಯಾವ ಪ್ರಶ್ನೆಯಾಗಿ, ಯಾವ ಅಂಕಿಯಾಗಿ ಅಧಿಕಾರಿಗಳ ಮುಂದಿಡಬೇಕು ಎಂಬುದು ಗೊತ್ತಿರಲಿಲ್ಲ. ಇದೇ ಹೊಳೆ ಗಂಗಾವಳಿಯಾಗಿ ಅಂಕೋಲೆಯಲ್ಲಿ ಸಮುದ್ರ ಸೇರುತ್ತದೆ. ಮೇಲಿಂದ ಬರುವ ಸಿಹಿನೀರು ಕಡಿಮೆಯಾದಷ್ಟೂ ಉಪ್ಪುನೀರು ಒಳಗೆ ಏರಿ ದಂಡೆಯ ಬಾವಿಗಳನ್ನು ಮುಟ್ಟುತ್ತದೆ ಎಂಬುದನ್ನೂ ಅವರು ವಿವರಿಸಿದ್ದರು. ಅದರಲ್ಲಿ ತಪ್ಪಿದ್ದರೆ ತೋರಿಸಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ಪ್ರಕಟಿಸುತ್ತೇನೆ. ಬರೆದವರ ಪಾಸ್‌ಪೋರ್ಟಿನ ಬಣ್ಣ ನೋಡಿ ಹೊಳೆ ತನ್ನ ಹರಿವನ್ನು ಬದಲಿಸುವುದಿಲ್ಲವಲ್ಲ.

ನಿಮಗೆ ನೆನಪಿರಬೇಕು. ಇದೇ ಬೇಡ್ತಿಗೆ ಜಲವಿದ್ಯುತ್ ಅಣೆಕಟ್ಟು ಕಟ್ಟಲು ಹೊರಟಾಗ, 1981ರಲ್ಲಿ, ನಮ್ಮ ತೋಟಿಗರು ವಿಜ್ಞಾನಿಗಳನ್ನೂ ಅರ್ಥಶಾಸ್ತ್ರಜ್ಞರನ್ನೂ ಶಿರಸಿಗೆ ಕರೆಸಿದರು. ಮುಳುಗುವ ತೋಟಕ್ಕೂ ಕಾಡಿಗೂ ಬೆಲೆ ಕಟ್ಟಿಸಿ, ಯೋಜನೆಯ ಲಾಭನಷ್ಟವನ್ನು ಮತ್ತೊಮ್ಮೆ ಲೆಕ್ಕ ಹಾಕಿಸಿದರು. ಬಂದವರಲ್ಲಿ ಹೆಚ್ಚಿನವರು ಹೊರಗಿನವರು. ಅಣೆಕಟ್ಟು ಬೇಡವೆಂಬ ತೀರ್ಮಾನ ಮಾತ್ರ ಊರಿನವರದೇ ಆಗಿತ್ತು, ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಹೊರಗಿನವರ ವಿದ್ಯೆಯನ್ನು ಹೇಗೆ ದುಡಿಸಿಕೊಳ್ಳಬೇಕು ಎಂಬುದು ನಿಮ್ಮ ತಲೆಮಾರಿಗೆ ನನಗಿಂತ ಚೆನ್ನಾಗಿ ಗೊತ್ತು.

ಈಗ ನನ್ನ ತಪ್ಪಿಗೆ ಬರುತ್ತೇನೆ. ನಿಮ್ಮ ಸಿಟ್ಟಿನ ಬೇರು ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ.

ಲೇಖನದ ಕೊನೆಯಲ್ಲಿ ಅವರು ತಮ್ಮ ಊರಿನಲ್ಲಿ ಹಳ್ಳ ದಾಟಲು ಹಾಕಿದ ಮರದ ಕಾಲುಸಂಕದ ಬಗ್ಗೆ ಬರೆದಿದ್ದರು. ಅದು ಹಾಗೆಯೇ ಇರಲಿ, ಕಾಂಕ್ರೀಟು ಸೇತುವೆ ಬಂದರೆ ಊರಿನ ಜೀವ ಹೋಗುತ್ತದೆ ಎಂದು. ನಾನು ಅದನ್ನು ಯೋಚಿಸದೆ ಮುದ್ರಣಕ್ಕೆ ಕಳುಹಿಸಿದೆ. ನಿಮ್ಮ ಪತ್ರ ಬಂದ ಮೇಲೆ ಆ ಊರಿಗೆ ಹೋಗಿ ಬಂದೆ. ಜೊತೆಯಾಗಿ ಕಟ್ಟಿದ ಮೂರು ಅಡಿಕೆ ಮರ, ಒಂದು ಬದಿಗೆ ಮಾತ್ರ ಬಿದಿರಿನ ಕೈತಾಂಗು. ಕೆಳಗೆ ಹಳ್ಳ. ಶಾಲೆಯಿಂದ ಬಂದ ಹುಡುಗಿಯೊಬ್ಬಳು ಚಪ್ಪಲಿ ಕಳಚಿ ಎಡಗೈಯಲ್ಲಿ ಹಿಡಿದಳು, ಬಲಗೈಯಿಂದ ಬಿದಿರು ಹಿಡಿದಳು, ಬೆರಳುಗಳನ್ನು ಮರಕ್ಕೆ ಒತ್ತಿ ಒತ್ತಿ ಅಡ್ಡಡ್ಡ ದಾಟಿದಳು. ಅದು ಒಣ ಕಾಲ. ಆಷಾಢದ ಮಳೆಯಲ್ಲಿ ಅವಳನ್ನು ದಾಟಿಸುವವರು ಯಾರು? ಹೆರಿಗೆ ನೋವಿನ ಹೆಂಗಸನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತವರು ಆ ಊರಿನಲ್ಲಿ ಇಂದಿಗೂ ಇದ್ದಾರೆ, ಆ ರಾತ್ರಿಯನ್ನು ನನಗೆ ಹೇಳಿದರು.

ಹೊಳೆಯ ಲೆಕ್ಕ ಹೇಳುವಾಗ ಆ ಲೇಖಕರು ತಿಳಿದದ್ದನ್ನು ಹೇಳಿದರು. ಸಂಕದ ಬಗ್ಗೆ ಹೇಳುವಾಗ ತಾವು ಬಿಟ್ಟುಹೋದ ಬಾಲ್ಯವನ್ನು ಕಾಪಾಡಿಡಿ ಎಂದು ನಿಮ್ಮನ್ನು ಕೇಳಿದರು. ಅದನ್ನು ಕಾಪಾಡುವ ಖರ್ಚು ಆ ಹುಡುಗಿಯದು. ಎರಡನ್ನೂ ಒಂದೇ ತೂಕದ ಮಾತಾಗಿ ಪ್ರಕಟಿಸಿದವನು ನಾನು. ಹೆಸರಿನ ಕೆಳಗೆ “ಮೂಲತಃ ಶಿರಸಿಯವರು” ಎಂದಷ್ಟೇ ಹಾಕಿ, ಈಗಿನ ಪೌರತ್ವವನ್ನೂ ಊರಿನಲ್ಲಿ ಅವರ ಮನೆತನದ ತೋಟವಿರುವುದನ್ನೂ ಹೇಳದೆ ಬಿಟ್ಟವನೂ ನಾನೇ. ಇದಕ್ಕೆ ಕ್ಷಮೆ ಕೇಳುತ್ತೇನೆ. ಇನ್ನು ಮುಂದೆ ಯಾರೇ ದೂರದಿಂದ ಬರೆದರೂ, ಎಲ್ಲಿ ನಿಂತು ಬರೆಯುತ್ತಿದ್ದಾರೆ, ಇಲ್ಲಿ ಅವರಿಗೆ ಏನಿದೆ ಎಂಬುದು ಲೇಖನದ ಮೇಲೆಯೇ ಇರುತ್ತದೆ. ಬೆಂಗಳೂರಿನಿಂದ ಬರೆಯುವವರಿಗೂ ಇದೇ ನಿಯಮ.

ಪೌರತ್ವವೊಂದನ್ನೇ ಅಳತೆಗೋಲು ಮಾಡಲು ನನಗೆ ಮನಸ್ಸು ಒಪ್ಪದಿರಲು ಇನ್ನೊಂದು ಕಾರಣವಿದೆ. ಭಟ್ಕಳ, ಹೊನ್ನಾವರದಿಂದ ಕೊಲ್ಲಿ ದೇಶಗಳಿಗೆ ಹೋದವರು ಅಲ್ಲಿ ಮೂವತ್ತು ವರ್ಷ ದುಡಿದರೂ ಭಾರತದ ಪ್ರಜೆಗಳಾಗಿಯೇ ಉಳಿಯುತ್ತಾರೆ. ಜನಪ್ರಾತಿನಿಧ್ಯ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯಿಂದ ಅವರ ಹೆಸರು ಮತದಾರರ ಪಟ್ಟಿಗೆ ಸೇರಬಹುದು, ಆದರೆ ಮತ ಹಾಕಲು ವಿಮಾನ ಹತ್ತಿ ಊರಿನ ಮತಗಟ್ಟೆಗೇ ಬರಬೇಕು. ಕೂಲಿಯ ದುಡ್ಡಿನಲ್ಲಿ ಎಷ್ಟು ಜನ ಬಂದಾರು? ಅವರ ಹಣದಿಂದ ಇಲ್ಲಿ ಮನೆ ಎದ್ದಿದೆ, ಮಕ್ಕಳು ಓದಿದ್ದಾರೆ. ಅವರ ಮಾತು ಮಾತ್ರ ನಮ್ಮ ಪತ್ರಿಕೆಯಲ್ಲಿ ಬಂದದ್ದು ತೀರ ಕಡಿಮೆ. ಅಮೆರಿಕದಿಂದ ಬರೆಯುವವರಿಗೆ ಸಿಕ್ಕ ಪುಟ ಅವರಿಗೆ ಸಿಕ್ಕಿಲ್ಲ. ಇದೂ ನನ್ನ ಬಾಕಿ.

ನನ್ನ ಅಣ್ಣನೂ ಪೌರತ್ವ ಬಿಟ್ಟವನು. ರದ್ದಾಗಿ, ಮೂಲೆ ಕತ್ತರಿಸಿಕೊಂಡು ಬಂದ ಅವನ ಹಳೆಯ ಪಾಸ್‌ಪೋರ್ಟ್ ನಮ್ಮ ಮನೆಯ ಕಪಾಟಿನಲ್ಲಿ, ಅಪ್ಪನ ಜಮೀನಿನ ಕಾಗದಗಳ ಜೊತೆ ಇದೆ. ಜೂನ್ ಬಂತೆಂದರೆ ಫೋನಿನಲ್ಲಿ ಅವನ ಮೊದಲ ಮಾತು “ಮಳೆ ಎಷ್ಟಾಯಿತು, ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆದಾಯಿತೇ?” ಎಂದು. ಮರ ಹತ್ತುವ ಕೊನೆಗೌಡ ಸಿಗುವುದಿಲ್ಲ ಎಂಬ ನನ್ನ ಕಷ್ಟ ಅವನಿಗೆ ಪೂರ್ತಿ ಅರ್ಥವಾಗುವುದಿಲ್ಲ, ಕೆಲವೊಮ್ಮೆ ನಾನು ರೇಗುತ್ತೇನೆ. ಫೋನ್ ಇಡು ಎಂದು ಇದುವರೆಗೆ ಹೇಳಿಲ್ಲ.

ನಿಮ್ಮ ಪತ್ರವನ್ನು ಮುಂದಿನ ಸಂಚಿಕೆಯಲ್ಲಿ ಆ ಲೇಖನ ಬಂದ ಪುಟದಲ್ಲೇ ಪೂರ್ತಿಯಾಗಿ ಪ್ರಕಟಿಸುತ್ತೇನೆ. ಮೂರನೆಯ ಹಾಳೆಯ ತುದಿಯಲ್ಲಿ ನೀವು ಬರೆದ ಒಂದು ಮಾತು ನನ್ನನ್ನು ಹಿಡಿದುಕೊಂಡಿದೆ: ತೋಟದ ಕೆಳಗಿನ ಹಳ್ಳ ಪ್ರತಿ ಬೇಸಿಗೆ ಯಾವ ದಿನ ಹರಿಯುವುದನ್ನು ನಿಲ್ಲಿಸಿತೆಂದು ನಿಮ್ಮ ತಂದೆ ಪಂಚಾಂಗದ ಅಂಚಿನಲ್ಲಿ ಬರೆದಿಡುತ್ತಿದ್ದರು ಎಂದಿದ್ದೀರಿ. ಅಮೆರಿಕದಲ್ಲಿರುವವರ ಬಳಿಯೂ ದೆಹಲಿಯವರ ಬಳಿಯೂ ಆ ಲೆಕ್ಕ ಇರಲಾರದು. ಆ ಪಂಚಾಂಗಗಳನ್ನು ಅಟ್ಟದಿಂದ ಇಳಿಸಿಡಿ. ಕೊಯ್ಲು ಮುಗಿದ ವಾರ ನಾನೇ ಬರುತ್ತೇನೆ.

— ಸಂಪಾದಕ